ಎರಡನೆಯ ಎಂಜಿನ್ ಸ್ಟೆಪ್ನಿಯಲ್ಲ

ಮರವೂರು ಸೇತುವೆ ದಾಟಿ ಬಜ್ಪೆಯ ಗುಡ್ಡ ಹತ್ತುವ ದಾರಿಯಲ್ಲಿ ಸಂಜೆ ಹೊತ್ತು ವಿಮಾನ ನೋಡಲೆಂದೇ ಬಂದು ನಿಂತವರು ಸಿಗುತ್ತಾರೆ. ಈಚೆಗೊಂದು ಸಂಜೆ ನಾನೂ ಅವರ ನಡುವೆ ನಿಂತಿದ್ದೆ. ಬೆಂಗಳೂರಿನಿಂದ ಬಂದ ಎಟಿಆರ್ ವಿಮಾನ ತಗ್ಗಿ ಬರುತ್ತಿತ್ತು. ಎರಡು ರೆಕ್ಕೆಗಳಲ್ಲೂ ಪ್ರೊಪೆಲ್ಲರ್ ತಿರುಗುವುದು ಬರಿಗಣ್ಣಿಗೇ ಕಾಣುತ್ತಿತ್ತು. ಪಕ್ಕದಲ್ಲಿದ್ದ ಪಿಯುಸಿ ಹುಡುಗನೊಬ್ಬ ಕೇಳಿದ: "ಸರ್, ಒಂದು ಎಂಜಿನ್ ಕೆಟ್ಟರೆ ಇನ್ನೊಂದು ಇರಲಿ ಅಂತ ಅಲ್ವಾ ಎರಡು ಇಡೋದು? ಕಾರಿನ ಸ್ಟೆಪ್ನಿ ಹಾಗೆ?"

ಅರ್ಧ ಸರಿ ಎಂದೆ. ಉಳಿದ ಅರ್ಧವನ್ನು ವಿವರಿಸುವಷ್ಟರಲ್ಲಿ ಕತ್ತಲಾಯಿತು, ಅವನ ಬಸ್ಸೂ ಬಂತು. ಆ ಉಳಿದ ಅರ್ಧ ಇಲ್ಲಿದೆ.

ಸ್ಟೆಪ್ನಿ ಡಿಕ್ಕಿಯಲ್ಲಿ ಸುಮ್ಮನೆ ಮಲಗಿರುತ್ತದೆ. ಬೇಕಾದಾಗ ಎತ್ತಿ ಹಾಕಿದರೆ ಕಾರು ಮೊದಲಿನಂತೆಯೇ ಓಡುತ್ತದೆ. ವಿಮಾನದ ಎರಡನೆಯ ಎಂಜಿನ್ ಹಾಗಲ್ಲ. ಅದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಜಿಲ್ಲೆಯವರು ದೂರ ಹೋಗಬೇಕಿಲ್ಲ. ಕಂಬಳದ ಕರೆಯ, ಅಂದರೆ ಕೋಣಗಳು ಓಡುವ ಕೆಸರುಗದ್ದೆಯ, ಬದಿಗೆ ಹೋಗಿ ನಿಂತರೆ ಸಾಕು.

ಒಂದು ನೊಗಕ್ಕೆ ಎರಡು ಕೋಣ. ಹಿಂದೆ ಕೆಸರು ನೀರನ್ನು ಸೀಳಿಕೊಂಡು ಓಡುವ ಒಬ್ಬ ಓಟಗಾರ. ಎರಡೂ ಕೋಣ ಸಮವಾಗಿ ಎಳೆದರೆ ಜೋಡಿ ನೇರ ಗೆರೆ ಎಳೆದಂತೆ ಹೋಗುತ್ತದೆ. ನಡುದಾರಿಯಲ್ಲಿ ಎಡದ ಕೋಣ ಮುಗ್ಗರಿಸಿತು ಎಂದುಕೊಳ್ಳಿ. ಬಲದ ಕೋಣ ಅದೇ ರಭಸದಲ್ಲಿ ಮುಂದಕ್ಕೆ ನುಗ್ಗುತ್ತದೆ, ನೊಗದ ಬಲತುದಿ ಮುಂದಾಗುತ್ತದೆ, ಇಡೀ ಜೋಡಿ ಎಡಕ್ಕೆ ತಿರುಗಿ ಕರೆಯ ದಂಡೆಗೆ ಬಡಿಯುತ್ತದೆ. ಅಪಾಯ ತಂದದ್ದು ಸೋತ ಕೋಣ ಒಂದೇ ಅಲ್ಲ, ಸೋಲದ ಕೋಣದ ಶಕ್ತಿಯೂ ಹೌದು. ಆ ಕ್ಷಣದಲ್ಲಿ ಬಲದ ಕೋಣಕ್ಕೆ ಇನ್ನೊಂದು ಏಟು ಕೊಟ್ಟರೆ ತಿರುವು ಇನ್ನಷ್ಟು ಜೋರಾಗುತ್ತದೆಯೇ ಹೊರತು ಓಟ ನೇರವಾಗುವುದಿಲ್ಲ.

ಎರಡು ಎಂಜಿನ್ನಿನ ಸಣ್ಣ ವಿಮಾನದಲ್ಲೂ ಇದೇ ಆಗುತ್ತದೆ. ರೆಕ್ಕೆಯೇ ನೊಗ. ಎಡ ಎಂಜಿನ್ ನಿಂತರೆ ಬಲ ಎಂಜಿನ್ ವಿಮಾನದ ಮೂಗನ್ನು ಎಡಕ್ಕೆ ತಿರುಗಿಸುತ್ತದೆ. ನಿಂತ ಪ್ರೊಪೆಲ್ಲರ್ ಗಾಳಿಗೆ ಅಡ್ಡವಾಗಿ ಆ ಬದಿಯನ್ನು ಹಿಂದಕ್ಕೆ ಜಗ್ಗುತ್ತದೆ. ಪೈಲಟ್ ಬಲಗಾಲಿನಿಂದ ಪೆಡಲ್ ಒತ್ತಿ, ಬಾಲದ ಚುಕ್ಕಾಣಿ ತಿರುಗಿಸಿ ಮೂಗನ್ನು ನೇರ ಹಿಡಿಯಬೇಕು. ಇಲ್ಲೇ ಒಂದು ತೊಡಕು ಇದೆ. ಚುಕ್ಕಾಣಿಗೆ ಬಲ ಬರುವುದು ಅದರ ಮೇಲೆ ಹರಿಯುವ ಗಾಳಿಯಿಂದ. ವೇಗ ಅರ್ಧಕ್ಕಿಳಿದರೆ ಚುಕ್ಕಾಣಿಯ ಬಲ ಕಾಲುಭಾಗಕ್ಕಿಳಿಯುತ್ತದೆ. ಎಂಜಿನ್ನಿನ ನೂಕುಬಲವಾದರೋ ಹಾಗೆ ಇಳಿಯುವುದಿಲ್ಲ. ಆದ್ದರಿಂದ ಒಂದು ನಿರ್ದಿಷ್ಟ ವೇಗಕ್ಕಿಂತ ಕೆಳಗೆ ಎಷ್ಟೇ ಒತ್ತಿದರೂ ಕಾಲು ಸೋಲುತ್ತದೆ, ಎಂಜಿನ್ ಗೆಲ್ಲುತ್ತದೆ, ವಿಮಾನ ಸತ್ತ ಎಂಜಿನ್ನಿನ ಕಡೆಗೆ ಮಗುಚುತ್ತದೆ. ಸಣ್ಣ ಅವಳಿ ಎಂಜಿನ್ ವಿಮಾನಗಳ ವೇಗಮಾಪಕದಲ್ಲಿ ಈ ವೇಗವನ್ನು ಕೆಂಪು ಗೆರೆಯಾಗಿ ಬರೆದಿರುತ್ತಾರೆ. ಅದಕ್ಕಿಂತ ಕೆಳಗೆ ಹೋದ ಪೈಲಟ್ ಮಾಡಬೇಕಾದದ್ದು ಮನಸ್ಸು ಒಪ್ಪದ ಕೆಲಸ: ಮೂಗು ತಗ್ಗಿಸಿ, ನಡೆಯುತ್ತಿರುವ ಎಂಜಿನ್ನಿನ ಶಕ್ತಿಯನ್ನೇ ಇಳಿಸುವುದು. ಓಡುವ ಕೋಣಕ್ಕೆ ಏಟು ಕೊಡದೆ ಹಗ್ಗ ಬಿಗಿಹಿಡಿಯುವುದು.

ಶಕ್ತಿಯ ಲೆಕ್ಕವೂ ನಾವೆಣಿಸಿದಂತಿಲ್ಲ. ಒಂದು ಮನೆಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ತಿಂಗಳಿಗೆ 30,000 ಸಂಬಳ, ಮನೆಯ ಖರ್ಚು 25,000 ಎಂದಿಟ್ಟುಕೊಳ್ಳಿ. ಉಳಿತಾಯ 35,000. ಒಬ್ಬರ ಕೆಲಸ ಹೋದರೆ ಆದಾಯ ಅರ್ಧವಾಯಿತು, ಆದರೆ ಉಳಿತಾಯ 35 ಸಾವಿರದಿಂದ 5 ಸಾವಿರಕ್ಕೆ ಬಿತ್ತು. ವಿಮಾನಕ್ಕೆ ನೆಟ್ಟಗೆ ಹಾರಲು ಬೇಕಾದ ಶಕ್ತಿಯೇ ಮನೆಯ ಖರ್ಚು. ಮೇಲೇರಲು ಸಿಗುವುದು ಉಳಿತಾಯ ಮಾತ್ರ. ಎರಡೂ ಎಂಜಿನ್ ಇದ್ದಾಗ ನಿಮಿಷಕ್ಕೆ ಸುಮಾರು 1,500 ಅಡಿ ಏರುವ ಸಣ್ಣ ವಿಮಾನ ಒಂದೇ ಎಂಜಿನ್ನಿನಲ್ಲಿ 200–300 ಅಡಿ ಏರಿದರೆ ಪುಣ್ಯ. ಅರ್ಧ ಶಕ್ತಿ ಹೋದರೆ ಏರುವ ಸಾಮರ್ಥ್ಯದ ನೂರಕ್ಕೆ 80ಕ್ಕೂ ಹೆಚ್ಚು ಭಾಗ ಹೋಗುತ್ತದೆ. ಅದೂ ತಂಪು ಹವೆಯ ಲೆಕ್ಕ. ಬಿಸಿ ಗಾಳಿ ತೆಳು, ತೇವದ ಗಾಳಿ ಇನ್ನೂ ತೆಳು. ಏಪ್ರಿಲ್ ಮಧ್ಯಾಹ್ನದ ಮಂಗಳೂರಿನ ಬೇಗೆಯಲ್ಲಿ ಆ 5 ಸಾವಿರವೂ ಕರಗಿಹೋಗಬಹುದು.

ಹಾಗಾದರೆ ಒಂದೇ ಎಂಜಿನ್ನಿನಲ್ಲಿ ಹಾರಬಹುದು ಎಂಬ ನಂಬಿಕೆ ಎಲ್ಲಿಂದ ಬಂತು? ಅದಕ್ಕೊಂದು ಸೊಗಸಾದ ಚರಿತ್ರೆ ಇದೆ, ಅದರ ಒಂದು ತುದಿ ಬಜ್ಪೆಯಲ್ಲೇ ಇದೆ.

1932ರ ಆಗಸ್ಟ್‌ನಲ್ಲಿ ಅಮೆರಿಕದ ಟಿಡಬ್ಲ್ಯೂಎ ಕಂಪನಿಯ ಜಾಕ್ ಫ್ರೈ ವಿಮಾನ ತಯಾರಕರಿಗೆ ಒಂದು ಪತ್ರ ಬರೆದರು: ನಮಗೆ ಲೋಹದ, ಮೂರು ಎಂಜಿನ್ನಿನ ವಿಮಾನ ಬೇಕು. ಡಗ್ಲಾಸ್ ಕಂಪನಿಯ ಎಂಜಿನಿಯರುಗಳು ಎರಡೇ ಸಾಕು ಎಂದರು. ಟಿಡಬ್ಲ್ಯೂಎಯ ತಾಂತ್ರಿಕ ಸಲಹೆಗಾರರಾಗಿದ್ದವರು ಅಟ್ಲಾಂಟಿಕ್ ಸಾಗರವನ್ನು ಒಬ್ಬರೇ ದಾಟಿ ಹೆಸರಾದ ಚಾರ್ಲ್ಸ್ ಲಿಂಡ್‌ಬರ್ಗ್. ಎರಡೇ ಆಗಲಿ, ಆದರೆ ನಮ್ಮ ಮಾರ್ಗದ ಯಾವ ನಿಲ್ದಾಣದಿಂದಲಾದರೂ ಒಂದು ಎಂಜಿನ್ ನಿಂತರೂ ವಿಮಾನ ಮೇಲೇಳಬೇಕು ಎಂದು ಅವರು ಷರತ್ತು ಹಾಕಿದರು. ಡಿಸಿ-1 ತಯಾರಾಯಿತು. 1933ರಲ್ಲಿ ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದ ವಿನ್‌ಸ್ಲೋ ಎಂಬ ಊರಿನಲ್ಲಿ, ವಿಮಾನ ನೆಲ ಬಿಡುವ ಹೊತ್ತಿಗೆ ಒಂದು ಎಂಜಿನ್ನನ್ನು ಬೇಕೆಂದೇ ನಿಲ್ಲಿಸಿದರು. ಉಳಿದೊಂದರಲ್ಲೇ ಅದು ಮೇಲೇರಿ ಅಲ್ಬುಕರ್ಕಿ ತಲುಪಿತು. ಅದರ ಮರಿಯೇ 1935ರ ಡಿಸೆಂಬರ್ 17ರಂದು ಮೊದಲು ಹಾರಿದ ಡಿಸಿ-3, ನಮ್ಮವರು ಬಾಯ್ತುಂಬ ಕರೆದ ಡಕೋಟ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಇಂಥ ಡಕೋಟಗಳನ್ನು ಪೂರ್ತಿ ಬಿಚ್ಚಿ, ತೊಳೆದು, ಮತ್ತೆ ಜೋಡಿಸುತ್ತಿದ್ದರು. ಕನ್ನಡ ನಾಡಿನ ಒಂದು ತಲೆಮಾರಿನ ಮೆಕ್ಯಾನಿಕರು ಕೈ ಪಳಗಿಸಿಕೊಂಡದ್ದು ಆ ವಿಮಾನಗಳ ಮೇಲೆ. 1951ರ ಡಿಸೆಂಬರ್ 25ರಂದು ಬಜ್ಪೆ ನಿಲ್ದಾಣ ಶುರುವಾದಾಗ ಪ್ರಧಾನಿ ನೆಹರೂ ಬಂದಿಳಿದದ್ದೂ ಡಿಸಿ-3ರಲ್ಲೇ. ಭಾರತೀಯ ವಾಯುಪಡೆಗೆ 2018ರಲ್ಲಿ ಸೇರಿದ, ಇಂದಿಗೂ ಹಾರುವ ಸ್ಥಿತಿಯಲ್ಲಿರುವ ಹಳೆಯ ಡಕೋಟಕ್ಕೆ ಇಟ್ಟ ಹೆಸರು ಪರಶುರಾಮ. ಪರಶುರಾಮ ಸೃಷ್ಟಿ ಎನ್ನಿಸಿಕೊಂಡ ಈ ನೆಲದಲ್ಲಿ ನಿಂತು ಆ ಹೆಸರು ಕೇಳುವಾಗ ಮನಸ್ಸು ತುಂಬುತ್ತದೆ.

ಆದರೆ ವಿನ್‌ಸ್ಲೋದಲ್ಲಿ ಗೆದ್ದದ್ದು ಎಂಜಿನ್ ಒಂದೇ ಅಲ್ಲ. ಏನಾಗಲಿದೆಯೆಂದು ಆ ಪೈಲಟ್‌ಗೆ ಮೊದಲೇ ಗೊತ್ತಿತ್ತು, ಕಾಲು ಸಿದ್ಧವಾಗಿತ್ತು. ಗೊತ್ತಿಲ್ಲದ ಹೊತ್ತಿನಲ್ಲಿ ಹಾಗಾದಾಗ ಏನಾಗುತ್ತದೆ ಎಂಬುದನ್ನು 2015ರ ಫೆಬ್ರವರಿ 4 ತೋರಿಸಿತು. ತೈವಾನಿನ ತೈಪೆಯಲ್ಲಿ ಮೇಲೇರಿದ ಟ್ರಾನ್ಸ್‌ಏಷ್ಯಾದ ಎಟಿಆರ್-72 ವಿಮಾನದ ಬಲಗಡೆ ಪ್ರೊಪೆಲ್ಲರ್ ನೂಕುವುದನ್ನು ಬಿಟ್ಟಿತು. ಗಾಬರಿಯಲ್ಲಿ ಪೈಲಟ್ ಸರಿಯಿದ್ದ ಎಡ ಎಂಜಿನ್ನನ್ನು ನಿಲ್ಲಿಸಿಬಿಟ್ಟರು. ವಿಮಾನ ನದಿಗೆ ಬಿತ್ತು. ಒಳಗಿದ್ದ 58 ಜನರಲ್ಲಿ 43 ಮಂದಿ ಸತ್ತರು. ಈ ತಪ್ಪು ಆಗದಿರಲೆಂದೇ ತರಬೇತಿಯಲ್ಲಿ ಒಂದು ಸೂತ್ರವನ್ನು ಬಾಯಿಪಾಠ ಮಾಡಿಸುತ್ತಾರೆ: ಯಾವ ಕಾಲಿಗೆ ಕೆಲಸವಿಲ್ಲವೋ ಆ ಬದಿಯ ಎಂಜಿನ್ ಸತ್ತಿದೆ. ಮೊದಲು ಕಾಲಿನಿಂದ ಮೂಗು ನೇರ ಮಾಡು. ಆಮೇಲೆ ಸತ್ತದ್ದು ಯಾವುದೆಂದು ಗುರುತಿಸು. ಅದರ ಥ್ರಾಟಲನ್ನು ಮೆಲ್ಲಗೆ ಹಿಂದಕ್ಕೆಳೆದು ನೋಡು. ಏನೂ ಬದಲಾಗದಿದ್ದರೆ ಗುರುತಿಸಿದ್ದು ಸರಿ. ಕೊನೆಗೆ ಪ್ರೊಪೆಲ್ಲರಿನ ಅಲಗುಗಳನ್ನು ಗಾಳಿಗೆ ಅಂಚು ತೋರುವಂತೆ ತಿರುಗಿಸು. ನೇತ್ರಾವತಿಯಲ್ಲಿ ದೋಣಿ ನಡೆಸುವವರು ಹುಟ್ಟನ್ನು ನೀರಿನೊಳಗೆ ಅಡ್ಡ ಹಿಡಿದರೆ ದೋಣಿ ತಡೆಯುತ್ತದೆ, ಅಂಚು ಹಿಡಿದರೆ ನೀರು ಜಾರಿ ಹೋಗುತ್ತದಲ್ಲ, ಅದೇ ತಂತ್ರ.

ಇದು ಹಾರಿಸುವವರ ಪಾಠವಾಯಿತು. ನೋಡಿಕೊಳ್ಳುವವರ ಪಾಠ ಇನ್ನೂ ದೊಡ್ಡದು, ಅದರ ಬಗ್ಗೆ ಮಾತಾಡುವವರು ಕಡಿಮೆ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಜಕ್ಕೂರು ಏರೋಡ್ರೋಮಿನಲ್ಲಿ ಒಂದು ಬೆಳಿಗ್ಗೆ ಸಣ್ಣ ಅವಳಿ ಎಂಜಿನ್ ವಿಮಾನವೊಂದರ ಸುತ್ತ ಮೆಕ್ಯಾನಿಕ್ ಒಬ್ಬರ ಜೊತೆ ನಡೆದಿದ್ದೆ. ಅವರು ಮೊದಲು ಮಾಡಿದ್ದು ರೆಕ್ಕೆಯ ಅಡಿಗೆ ಬಗ್ಗಿ, ಟ್ಯಾಂಕಿನ ತಳದ ಪುಟ್ಟ ವಾಲ್ವ್ ಒತ್ತಿ ಪಾರದರ್ಶಕ ಬಟ್ಟಲಿಗೆ ಒಂದಿಷ್ಟು ಪೆಟ್ರೋಲ್ ಹಿಡಿದದ್ದು. ವಿಮಾನದ ಪೆಟ್ರೋಲಿನ ಬಣ್ಣ ತಿಳಿನೀಲಿ. ಬಟ್ಟಲನ್ನು ಆಕಾಶಕ್ಕೆ ಹಿಡಿದು ತೋರಿಸಿದರು: ತಳದಲ್ಲಿ ಕಡಲೆಕಾಳಿನಷ್ಟು ಬಣ್ಣವಿಲ್ಲದ ಒಂದು ಹನಿ, ಗೋಲಿಯಂತೆ ಅತ್ತಿತ್ತ ಉರುಳುತ್ತಿತ್ತು. ನೀರು. ಅರ್ಧ ಖಾಲಿ ಟ್ಯಾಂಕಿನೊಳಗಿನ ಹಸಿ ಗಾಳಿ ರಾತ್ರಿ ತಣಿದಾಗ ಗೋಡೆಯಲ್ಲಿ ಬೆವರುತ್ತದೆ. ಪೆಟ್ರೋಲಿಗಿಂತ ಭಾರವಾದ್ದರಿಂದ ತಳ ಸೇರುತ್ತದೆ. ಅವರು ಬಟ್ಟಲು ಚೆಲ್ಲಿ ಮತ್ತೆ ಹಿಡಿದರು, ಹನಿ ಕಾಣದಾಗುವ ತನಕ. ಆಮೇಲೆ ಪ್ರೊಪೆಲ್ಲರಿನ ಅಂಚಿನ ಮೇಲೆ ಹೆಬ್ಬೆರಳಿನ ಉಗುರು ಆಡಿಸುತ್ತ ಹೋದರು. ರನ್‌ವೇಯ ಸಣ್ಣ ಕಲ್ಲು ಸಿಡಿದು ಮಾಡಿದ ಕಚ್ಚು ಕಣ್ಣಿಗಿಂತ ಮೊದಲು ಉಗುರಿಗೆ ಸಿಗುತ್ತದೆ. ಅದನ್ನು ಅರ ಹಾಕಿ ನಯ ಮಾಡದಿದ್ದರೆ ಅಲ್ಲಿಂದಲೇ ಬಿರುಕು ಬೆಳೆಯುತ್ತದೆ.

ಒಣಹವೆಯ ಜಕ್ಕೂರಿನಲ್ಲೇ ಇಷ್ಟಾದರೆ, ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಬೀಳುವ, ಬದಿಯಲ್ಲೇ ಕಡಲಿರುವ ಮಂಗಳೂರಿನಲ್ಲಿ ಎಷ್ಟಾಗಬೇಡ? ನಮ್ಮ ಮನೆಯ ಕಿಟಕಿ ಸರಳುಗಳನ್ನು ತಿನ್ನುವ ಉಪ್ಪುಗಾಳಿ ಅಲ್ಯೂಮಿನಿಯಂ ತಗಡಿನ ರಿವೆಟ್ಟುಗಳ ಸಂದನ್ನೂ ಬಿಡುವುದಿಲ್ಲ. ಅಲ್ಲಿ ಬಿಳಿ ಪುಡಿ ಕಂಡರೆ ಲೋಹ ಸವೆಯುತ್ತಿದೆ ಎಂದೇ ಅರ್ಥ. ಕಡಲಿನ ಮೇಲೆ ತಗ್ಗಿ ಹಾರುವ ಕೋಸ್ಟ್ ಗಾರ್ಡ್‌ನ ಡಾರ್ನಿಯರ್‌ನಂಥ ವಿಮಾನಗಳನ್ನು ಸಿಹಿನೀರಿನಲ್ಲಿ ತೊಳೆಯುವುದು ಇದೇ ಕಾರಣಕ್ಕೆ. ವೇಗ ಅಳೆಯುವ ಪಿಟೋ ಕೊಳವೆಯ ಬಾಯಿಗೆ ಕವಚ ಹಾಕಲು ಮರೆತರೆ ಕಣಜ ಅದರೊಳಗೆ ಮಣ್ಣಿನ ಗೂಡು ಕಟ್ಟುತ್ತದೆ. ಆಗ ಕೆಂಪು ಗೆರೆ ಇದ್ದೂ ಇಲ್ಲದಂತೆ.

ಹಾರದೆ ನಿಂತ ವಿಮಾನ ಕ್ಷೇಮವಾಗಿರುತ್ತದೆ ಎಂಬುದೂ ತಪ್ಪು. ನಿಂತ ಎಂಜಿನ್ನಿನ ಒಳಗೋಡೆಯಿಂದ ಆಯಿಲ್ ಇಳಿದು ಬರಿ ಲೋಹಕ್ಕೆ ತುಕ್ಕು ಹತ್ತುತ್ತದೆ. ವಾರಕ್ಕೊಮ್ಮೆ ಐದು ನಿಮಿಷ ನಿಂತಲ್ಲೇ ಸ್ಟಾರ್ಟ್ ಮಾಡಿ ನಿಲ್ಲಿಸುವವರಿದ್ದಾರೆ, ಅದು ಇನ್ನೂ ಕೆಡುಕು. ಇಂಧನ ಉರಿದಾಗ ಹುಟ್ಟುವ ನೀರಾವಿ ಆಯಿಲಿಗೆ ಸೇರುತ್ತದೆ, ಆದರೆ ಅದು ಕುದಿದು ಹೊರಹೋಗುವಷ್ಟು ಎಂಜಿನ್ ಕಾಯುವುದಿಲ್ಲ. ಅರ್ಧ ಗಂಟೆಗೂ ಹೆಚ್ಚು ಹಾರಿಸಿದರೆ ಮಾತ್ರ ಮದ್ದು.

ಎರಡು ಎಂಜಿನ್ನುಗಳಿಗೂ ಒಂದೇ ಬೇರು ಇದ್ದರೆ? 2007ರ ಮಾರ್ಚ್‌ನಲ್ಲಿ ಜರ್ಮನಿಯ ಸ್ಪೈಯರ್ ಎಂಬಲ್ಲಿ ಡೈಮಂಡ್ ಡಿಎ-42 ಎಂಬ ಅವಳಿ ಎಂಜಿನ್ ವಿಮಾನದ ಬ್ಯಾಟರಿ ಸತ್ತಿತ್ತು. ಹೊರಗಿನ ವಿದ್ಯುತ್ ಕೊಟ್ಟು ಎರಡೂ ಎಂಜಿನ್ ಸ್ಟಾರ್ಟ್ ಮಾಡಿದರು. ನೆಲ ಬಿಟ್ಟ ಕೂಡಲೇ ಚಕ್ರ ಮಡಚಲು ಗುಂಡಿ ಒತ್ತಿದಾಗ ವೋಲ್ಟೇಜ್ ಕುಸಿಯಿತು, ಎರಡೂ ಎಂಜಿನ್ನಿನ ಕಂಪ್ಯೂಟರುಗಳು ಒಟ್ಟಿಗೇ ನಿಂತವು, ಎರಡೂ ಪ್ರೊಪೆಲ್ಲರುಗಳು ಗಾಳಿಗೆ ಅಂಚು ತಿರುಗಿಸಿದವು. ಜೀವಹಾನಿ ಆಗಲಿಲ್ಲ. ಎಂಜಿನ್ ಎರಡಿದ್ದರೂ ಆ ದಿನ ಅವುಗಳ ಪ್ರಾಣ ಒಂದೇ ಬ್ಯಾಟರಿಯಲ್ಲಿತ್ತು.

ನಮ್ಮದೇ ನೆಲದ ನೋವೂ ಇದೆ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ರೂಪಿಸಿದ ಅವಳಿ ಎಂಜಿನ್ನಿನ ಸರಸ್ ವಿಮಾನ 2004ರ ಮೇ 29ರಂದು ಮೊದಲು ಹಾರಿತು. 2009ರ ಮಾರ್ಚ್ 6ರಂದು ಅದರ ಎರಡನೆಯ ಮಾದರಿಯಲ್ಲಿ, ಹಾರಾಟದ ನಡುವೆ ಒಂದು ಎಂಜಿನ್ ನಿಲ್ಲಿಸಿ ಮತ್ತೆ ಚಾಲೂ ಮಾಡುವ ಪರೀಕ್ಷೆ ನಡೆಯುತ್ತಿತ್ತು. ವಿಮಾನ ಬಿಡದಿ ಬಳಿ ಬಿದ್ದು ವಾಯುಪಡೆಯ ಮೂವರು ಅಧಿಕಾರಿಗಳು ಪ್ರಾಣ ಕೊಟ್ಟರು. ಸುಧಾರಿಸಿದ ಸರಸ್ 2018ರ ಜನವರಿ 24ರಂದು ಮತ್ತೆ ಹಾರಿತು. ಒಂದು ಎಂಜಿನ್ನಿನಲ್ಲಿ ಹಾರುವ ಜ್ಞಾನಕ್ಕೆ ಯಾರೋ ಬೆಲೆ ತೆತ್ತಿದ್ದಾರೆ ಎಂಬುದನ್ನು ನಾವು ಮರೆಯಬಾರದು.

ಈಗ ಸಣ್ಣ ಊರುಗಳ ನಡುವೆ ಸಣ್ಣ ವಿಮಾನ ಎಂಬ ಮಾತು ಜೋರಾಗಿದೆ. ಒಳ್ಳೆಯದೇ. ಅದರ ಜೊತೆಗೆ "ಎರಡು ಎಂಜಿನ್, ಆದ್ದರಿಂದ ಪೂರ್ತಿ ಸುರಕ್ಷಿತ" ಎಂಬ ಮಾತೂ ಕೇಳಿಬರುತ್ತದೆ. ಅದನ್ನು ನಾನು ಒಪ್ಪುವುದಿಲ್ಲ. ಎರಡು ಎಂಜಿನ್ ಎಂದರೆ ಕೆಡಬಹುದಾದದ್ದೂ ಎರಡು. ಅವು ರಕ್ಷಣೆಯಾಗುವುದು ಪೈಲಟ್‌ನ ಕಾಲು ಪಳಗಿದ್ದರೆ, ಮೆಕ್ಯಾನಿಕ್‌ನ ಉಗುರು ಚುರುಕಾಗಿದ್ದರೆ ಮಾತ್ರ. ಎಂದಾದರೂ ಅಂಥ ವಿಮಾನ ಬಾಡಿಗೆಗೆ ಹಿಡಿಯುವ ಸಂದರ್ಭ ಬಂದರೆ ಎಂಜಿನ್ ಎಷ್ಟು ಎಂದಷ್ಟೇ ಕೇಳಬೇಡಿ. ಪೈಲಟ್ ಒಂದೇ ಎಂಜಿನ್ನಿನಲ್ಲಿ ಹಾರುವ ಅಭ್ಯಾಸವನ್ನು ಕೊನೆಯ ಬಾರಿ ಮಾಡಿದ್ದು ಯಾವಾಗ, ಇವತ್ತು ಬೆಳಿಗ್ಗೆ ಟ್ಯಾಂಕಿನ ತಳದ ನೀರು ತೆಗೆದದ್ದು ಯಾರು ಎಂದೂ ಕೇಳಿ. ಸಂಕೋಚ ಪಡಬೇಕಿಲ್ಲ. ಒಳ್ಳೆಯ ಪೈಲಟ್ ಆ ಪ್ರಶ್ನೆಗೆ ಸಂತೋಷದಿಂದ ಉತ್ತರ ಕೊಡುತ್ತಾರೆ.