ಗರಿಕೆ ಬೇರಿಗೆ ಸಾರಜನಕ ತಂದುಕೊಡೋದು ಯಾರು?

ಪಾರ್ವತಿನಗರದ ಖಾಲಿ ಸೈಟುಗಳಲ್ಲಿರೋ ಗರಿಕೆಗೆ ಯಾರೂ ಯೂರಿಯಾ ಹಾಕಲ್ಲ. ಆದರೂ ಒಂದು ಮಳೆ ಬಿದ್ದರೆ ಸಾಕು, ಹಸಿರಾಗುತ್ತೆ. ಅದಕ್ಕೆ ಬೇಕಾದ ಸಾರಜನಕ ಎಲ್ಲಿಂದ ಬರುತ್ತೆ?

ಗರಿಕೆ, ಜೋಳ, ಸಜ್ಜೆ, ಭತ್ತ ಎಲ್ಲವೂ ಹುಲ್ಲಿನ ಕುಟುಂಬದವೇ. ಕಡಲೆ, ತೊಗರಿಯ ಬೇರುಗಂಟುಗಳಲ್ಲಿ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತೆ. ಹುಲ್ಲಿಗೆ ಆ ಗಂಟುಗಳಿಲ್ಲ. ಅದರ ಜೊತೆಗಾರ ಮೈಕೋರೈಜಾ ಎಂಬ ಬೇರುಶಿಲೀಂಧ್ರ. ಇದು ಗಾಳಿಯಿಂದ ಸಾರಜನಕ ಹಿಡಿಯಲ್ಲ, ಮಣ್ಣಲ್ಲಿ ಇರೋದನ್ನೇ ಹುಡುಕಿ ತರುತ್ತೆ.

ನಾವು ಎಂಜಿನಿಯರಿಂಗ್ ಓದೋರು, ಒಂದು ಲೆಕ್ಕ ಹಾಕೋಣ. ಬೇರಿನ ದಪ್ಪ 0.5 ಮಿಲಿಮೀಟರ್, ಶಿಲೀಂಧ್ರದ ಎಳೆಯ ದಪ್ಪ 5 ಮೈಕ್ರೋಮೀಟರ್ ಅಂದುಕೊಳ್ಳಿ. ವ್ಯಾಸದಲ್ಲಿ 100 ಪಟ್ಟು ವ್ಯತ್ಯಾಸ. ಅಷ್ಟೇ ಗಾತ್ರದ ವಸ್ತುವಿನಿಂದ 10,000 ಪಟ್ಟು ಉದ್ದದ ಎಳೆ, 100 ಪಟ್ಟು ಹೊರಮೈ ಸಿಗುತ್ತೆ! ಬೇರು ನುಗ್ಗಲಾಗದ ಸಂದಿಯಲ್ಲೂ ಎಳೆ ನುಗ್ಗುತ್ತೆ.

ನೈಟ್ರೇಟ್ ನೀರಿನ ಜೊತೆ ಹರಿದು ಬೇರಿನ ಹತ್ತಿರ ಬರುತ್ತೆ. ಅಮೋನಿಯಂ ಹಾಗಲ್ಲ, ಜೇಡಿಗೆ ಅಂಟಿಕೊಳ್ಳುತ್ತೆ. ಜೇಡಿ ಹೆಚ್ಚಿರೋ ನಮ್ಮ ಎರೆಮಣ್ಣಲ್ಲಿ ಇದು ಮುಖ್ಯ. ಎಳೆಗಳು ಅದನ್ನು ಹೀರಿ, ಆರ್ಜಿನೀನ್ ಎಂಬ ಅಮೈನೋ ಆಮ್ಲವಾಗಿ ಬದಲಿಸಿ ಬೇರಿನ ಕಡೆ ಸಾಗಿಸುತ್ತವೆ. ಬೇರಿನೊಳಗೆ ಅದು ಮತ್ತೆ ಒಡೆದು, ಅಮೋನಿಯಂ ಆಗಿ ಗಿಡಕ್ಕೆ ಸೇರುತ್ತೆ. ಈ ದಾರಿಯನ್ನು ವಿಜ್ಞಾನಿಗಳು 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿದರು. ಕೂಲಿ ಪುಕ್ಕಟೆ ಅಲ್ಲ: ಗಿಡ ತಾನು ತಯಾರಿಸಿದ ಸಕ್ಕರೆ, ಕೊಬ್ಬಿನಲ್ಲಿ ಪಾಲು ಕೊಡಬೇಕು.

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ. ಜೆ. ಭಾಗ್ಯರಾಜ್ ಈ ಶಿಲೀಂಧ್ರಗಳ ಬಗ್ಗೆ ದಶಕಗಳ ಕಾಲ ಸಂಶೋಧನೆ ಮಾಡಿದ್ದಾರೆ. ಜೀವಂತ ಬೇರಿಲ್ಲದೆ ಇವು ಬೆಳೆಯಲ್ಲ. ಹಾಗಾಗಿ ಹೊಲಕ್ಕೆ ಕೊಡಲು ಇವನ್ನು ಜೋಳದಂಥ ಗಿಡಗಳ ಬೇರಿನಲ್ಲೇ ಬೆಳೆಸಬೇಕಾಗುತ್ತೆ.

ಹಾಗಂತ ಯೂರಿಯಾ ಬಿಟ್ಟುಬಿಡಿ ಅಂತ ನಾವು ಹೇಳ್ತಿಲ್ಲ. ಗರಿಕೆ ಒಣಗಿದರೆ ಅಲ್ಲೇ ಕೊಳೆತು ಮಣ್ಣು ಸೇರುತ್ತೆ. ಜೋಳದ ತೆನೆಯನ್ನ ನಾವು ಮನೆಗೆ ತರ್ತೀವಿ, ಅದರ ಜೊತೆ ಸಾರಜನಕವೂ ಹೊಲ ಬಿಡುತ್ತೆ. ಅದನ್ನು ವಾಪಸ್ ತುಂಬೋ ಶಕ್ತಿ ಈ ಶಿಲೀಂಧ್ರಕ್ಕಿಲ್ಲ. ಸಿರುಗುಪ್ಪ ಕಡೆಯ ಭತ್ತದ ಗದ್ದೆಗಳಲ್ಲಿ ನೀರು ನಿಂತಾಗ ಆಮ್ಲಜನಕ ಸಾಲದೆ ಅದೂ ಸೊರಗುತ್ತೆ. ಡಿಎಪಿಯಂಥ ರಂಜಕದ ಗೊಬ್ಬರ ಅತಿಯಾದರೆ ಗಿಡವೇ ಅದನ್ನು ದೂರ ಇಡುತ್ತೆ. ಪದೇಪದೇ ಉಳುಮೆ ಮಾಡಿದರೆ ಎಳೆಗಳ ಜಾಲ ಹರಿಯುತ್ತೆ.

ಕುರುಗೋಡು ಕಡೆಯ ಒಣಭೂಮಿ ಜೋಳದ ಹೊಲಕ್ಕೆ ಇದರಿಂದ ಸಿಗೋ ಪಾಠ ಸರಳ: ಮಣ್ಣು ಪರೀಕ್ಷೆ ಮಾಡಿಸಿ ಬೇಕಾದಷ್ಟೇ ಗೊಬ್ಬರ, ಕಡಿಮೆ ಉಳುಮೆ, ನಡುನಡುವೆ ಕಡಲೆ ಅಥವಾ ತೊಗರಿ. ಹೊಸದಾಗಿ ಸಾರಜನಕ ತುಂಬೋದು ಬೇಳೆಕಾಳು, ಇರೋದನ್ನು ಬೇರಿಗೆ ಮುಟ್ಟಿಸೋದು ಶಿಲೀಂಧ್ರ. ಇಬ್ಬರೂ ಬೇಕು.