ಪೇಟೆಯಲ್ಲಿ ಹಳೇ ಕಟ್ಟಡ ಖರೀದಿ: ಇ-ಖಾತಾ ಇದ್ದರಷ್ಟೇ ಸಾಲದು

ಕೆಳಗೆ ಎರಡು ಮಳಿಗೆ, ಮೇಲೆ ಮನೆ. ಬಸ್ ಸ್ಟ್ಯಾಂಡ್ ಹತ್ತಿರ ಇಂಥದ್ದೊಂದು ಕಟ್ಟಡ ಮಾರಾಟಕ್ಕೆ ಬಂತೆಂದರೆ ಬ್ರೋಕರ್ ಮೊದಲು ತೋರಿಸೋದು ಇ-ಖಾತಾ ಮತ್ತು ಇಸಿ. ಎರಡೂ ಸರಿ ಕಂಡರೆ ಅಡ್ವಾನ್ಸ್ ಕೊಟ್ಟೇ ಬಿಡುವವರು ಹೆಚ್ಚು. ಆದರೆ ಕಟ್ಟಡ ಗಟ್ಟಿಯಿದೆಯಾ, ಪರವಾನಗಿ ಪ್ರಕಾರ ಕಟ್ಟಿದ್ದಾರಾ ಎಂಬುದಕ್ಕೆ ಈ ಕಾಗದಗಳಲ್ಲಿ ಉತ್ತರವಿಲ್ಲ.

ಖಾತಾ ಅಂದ್ರೆ ಆಸ್ತಿ ತೆರಿಗೆಯ ದಾಖಲೆ. ಇಸಿ ಅಂದ್ರೆ ನೋಂದಣಿಯಾದ ವ್ಯವಹಾರಗಳ ಪಟ್ಟಿ. ನೋಂದಣಿಯಾಗದ 11 ತಿಂಗಳ ಬಾಡಿಗೆ ಕರಾರು, ಬಾಡಿಗೆದಾರರು ಕೊಟ್ಟಿರುವ ಅಡ್ವಾನ್ಸ್ ಅದರಲ್ಲಿ ಕಾಣಿಸಲ್ಲ. ಕಟ್ಟಡದ ನಿಜವಾದ ಜಾತಕ ಪುರಸಭೆ ಕೊಟ್ಟ ಪರವಾನಗಿ ಮತ್ತು ಮಂಜೂರಾದ ನಕ್ಷೆಯಲ್ಲಿದೆ. ಮಾರುವವರ ಬಳಿ ನಕ್ಷೆ ಇಲ್ಲವೆಂದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಕೇಳಬಹುದು. ಉತ್ತರ ಕೊಡಲು ಕಚೇರಿಗೆ 30 ದಿನ ಕಾಲಾವಕಾಶ.

ನಕ್ಷೆ ಸಿಕ್ಕ ಮೇಲೆ ಟೇಪ್ ಹಿಡಿದು ಅಳೆಸಿ. ಕಾಗದದಲ್ಲಿ ಒಂದು ಮಹಡಿ, ಎದುರಿಗೆ ಎರಡು. ಪಾರ್ಕಿಂಗ್ ಎಂದು ತೋರಿಸಿದ ಜಾಗದಲ್ಲಿ ಶಟರ್, ಸೆಟ್‌ಬ್ಯಾಕ್ ಬಿಡಬೇಕಾದ ಕಡೆ ಶೌಚಾಲಯ. ಮಾಲೀಕ ಬದಲಾದ ಮಾತ್ರಕ್ಕೆ ಉಲ್ಲಂಘನೆ ಮಾಯವಾಗಲ್ಲ. ನೋಟಿಸ್ ಬರೋದು ಹೊಸಬರ ಹೆಸರಿಗೇ. ಪೂರ್ಣತಾ ಅಥವಾ ಸ್ವಾಧೀನ ಪ್ರಮಾಣಪತ್ರ ನೋಡಿಯೇ ಬ್ಯಾಂಕ್‌ಗಳು ಕಟ್ಟಡದ ಮೇಲೆ ಸಾಲ ಕೊಡಬೇಕು, ವಿದ್ಯುತ್-ನೀರಿನ ಸಂಪರ್ಕಕ್ಕೂ ಅದು ಬೇಕು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಹೇಳಿದೆ. ಸಾಲ ನಂಬಿಕೊಂಡು ವ್ಯಾಪಾರಕ್ಕೆ ಇಳಿದವರು ಬ್ಯಾಂಕಿನಲ್ಲಿ ಮೊದಲೇ ವಿಚಾರಿಸೋದು ಒಳ್ಳೇದು.

ಕಾಗದಕ್ಕಿಂತ ದೊಡ್ಡ ಅಪಾಯ ಗೋಡೆಯಲ್ಲಿದೆ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ವಾಣಿಜ್ಯ ಸಂಕೀರ್ಣವೊಂದು ಕುಸಿದು 19 ಜನ ಸತ್ತರು. ಅದಿನ್ನೂ ಕಟ್ಟುತ್ತಿದ್ದ ಕಟ್ಟಡ.

ನಮ್ಮ ಪೇಟೆಗಳ ಕಲ್ಲು-ಮಣ್ಣಿನ ಹಳೇ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಪಿಲ್ಲರೇ ಇರಲ್ಲ, ಗೋಡೆಯೇ ಭಾರ ಹೊರೋದು. ಅಂಗಡಿಗೆ ಅಗಲ ಬಾಗಿಲು ಬೇಕೆಂದು ಮುಂದಿನ ಗೋಡೆ ಒಡೆದು ಶಟರ್ ಕೂರಿಸಿ, ಸಾಲದ್ದಕ್ಕೆ ಮೇಲೊಂದು ಮಹಡಿ ಎಬ್ಬಿಸಿದ್ದರೆ ಆ ಭಾರ ಎಲ್ಲಿಗೆ ಇಳಿಯುತ್ತಿದೆ? ಎಂಜಿನಿಯರ್‌ಗೆ ಕೇಳಬೇಕಾದ ಮೊದಲ ಪ್ರಶ್ನೆ ಇದೇ.

ಕಾಂಕ್ರೀಟ್ ಕಟ್ಟಡವಾದರೆ ಬಿರುಕು ನೋಡಿ. ಕೂದಲೆಳೆಯಂಥದ್ದು ಬರೀ ಗಿಲಾಯಿಯದ್ದಿರಬಹುದು. ಕಿಟಕಿ ಮೂಲೆಯಿಂದ ಓರೆಯಾಗಿ ಹೊರಟು ವರ್ಷದಿಂದ ವರ್ಷಕ್ಕೆ ಅಗಲವಾಗುವ ಬಿರುಕು ತಳಪಾಯ ಕುಸಿದಿರುವ ಸೂಚನೆ ಆಗಿರಬಹುದು. ಪಿಲ್ಲರ್ ಉದ್ದಕ್ಕೂ ಬಿರುಕು, ಜೊತೆಗೆ ತುಕ್ಕಿನ ಕಲೆ ಇದ್ದರೆ ಒಳಗಿನ ಕಬ್ಬಿಣ ಉಬ್ಬಿ ಕಾಂಕ್ರೀಟನ್ನು ಸೀಳುತ್ತಿದೆ ಎಂದರ್ಥ. ನಾಣ್ಯದಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತೆ. ಶೌಚಾಲಯದ ಕೆಳಗಿನ ಸೀಲಿಂಗ್, ನೀರಿನ ಟ್ಯಾಂಕ್ ಕೆಳಗಿನ ಸ್ಲ್ಯಾಬ್ ತಪ್ಪದೇ ನೋಡಬೇಕು. ಫಾಲ್ಸ್ ಸೀಲಿಂಗ್ ಇದ್ದರೆ ಒಂದು ತುಂಡು ತೆಗೆಸಿ. ಮಾರಾಟಕ್ಕೆ ಮುಂಚೆ ಹೊಸ ಬಣ್ಣ ಬಳಿದಿದ್ದರೆ ಅನುಮಾನ ಪಡೋದರಲ್ಲಿ ತಪ್ಪಿಲ್ಲ. ಜೋರು ಮಳೆ ಬಂದ ಮರುದಿನ ಇನ್ನೊಮ್ಮೆ ಹೋಗಿ ಬನ್ನಿ.

ಬ್ರೋಕರ್ ಕರೆತಂದ ಎಂಜಿನಿಯರ್ ಬೇಡ, ನಿಮ್ಮವರೇ ಇರಲಿ. ಅವರಿಗೆ ಸಂಶಯ ಬಂದರೆ ಕಾಂಕ್ರೀಟಿನ ಗಟ್ಟಿತನ ಅಂದಾಜಿಸುವ ರಿಬೌಂಡ್ ಹ್ಯಾಮರ್ ಪರೀಕ್ಷೆ ಮಾಡಿಸಬಹುದು. ಮಾಲೀಕರು ಅಷ್ಟು ದಿನ ಕಾಯಲ್ಲ ಅಂದ್ರೆ, ವರದಿ ಅಥವಾ ನಕ್ಷೆ ತಾಳೆಯಾಗದಿದ್ದರೆ ಅಡ್ವಾನ್ಸ್ ಪೂರ್ತಿ ವಾಪಸ್ ಎಂಬ ಷರತ್ತನ್ನು ಅಗ್ರಿಮೆಂಟಿನಲ್ಲೇ ಬರೆಸಿಕೊಳ್ಳಿ. ಬಾಡಿಗೆದಾರರ ಅಡ್ವಾನ್ಸ್ ಎಷ್ಟು, ಅದನ್ನು ಯಾರು ತೀರಿಸಬೇಕು ಅನ್ನೋದೂ ಅದೇ ಪತ್ರದಲ್ಲಿರಲಿ.