ಮಗು ಗಟ್ಟಿಯಾಗಲಿ ಎಂದು ಕಾಯುವವರಿಗೆ

‘ದಿನ ತುಂಬುವ ಮೊದಲೇ ಹುಟ್ಟಿದ ಮಗು, ತೊಡೆಯಲ್ಲಿ ಮಾಂಸವೇ ಇಲ್ಲ. ಸ್ವಲ್ಪ ಗಟ್ಟಿಯಾಗಲಿ, ಆಮೇಲೆ ಸೂಜಿ ಹಾಕಿಸಿದರಾಯಿತು.’ ಅಜೆಕಾರು, ಹೆಬ್ರಿ, ಕಾರ್ಕಳದ ಮನೆಗಳಲ್ಲಿ ಅಜ್ಜಿಯಂದಿರು ಹೀಗೆ ಹೇಳಿದರೆ ಅದು ಮಮತೆಯ ಮಾತು ಎಂದುಕೊಳ್ಳಬಹುದು. ಮಣಿಪಾಲದ ಆಸ್ಪತ್ರೆಯಲ್ಲಿ ವಾರಗಟ್ಟಲೆ ಗಾಜಿನ ಪೆಟ್ಟಿಗೆಯ ಪಕ್ಕ ಕಾದು ಮಗುವನ್ನು ಉಳಿಸಿಕೊಂಡು ಬಂದ, ಓದಿದ ತಂದೆತಾಯಿಯೂ ಅದನ್ನೇ ಹೇಳುವಾಗ ಸಿಟ್ಟು ಬರುತ್ತದೆ. ಉಸಿರಾಟದ ಯಂತ್ರವನ್ನು ನಂಬಿದವರು ಅರ್ಧ ಮಿಲಿಲೀಟರ್ ಲಸಿಕೆಯನ್ನು ಏಕೆ ನಂಬುವುದಿಲ್ಲ?

ತಾಯಿಯ ರಕ್ತದಲ್ಲಿರುವ ಪ್ರತಿಕಾಯಗಳು ಮಗುವಿಗೆ ಹೋಗುವುದು ಬಹುಪಾಲು ಗರ್ಭದ ಕೊನೆಯ ಎರಡು ಮೂರು ತಿಂಗಳಲ್ಲಿ. 32ನೇ ವಾರಕ್ಕೆ ಹುಟ್ಟಿದ ಮಗುವಿಗೆ ಆ ಪಾಲು ಪೂರ್ತಿ ಸಿಕ್ಕಿರುವುದಿಲ್ಲ. ನಾಯಿಕೆಮ್ಮಾಗಲಿ, ನ್ಯುಮೋನಿಯಾ ಆಗಲಿ ಮೊದಲು ಬೀಳಿಸುವುದು ಇಂಥ ಮಗುವನ್ನೇ. ಯಾವ ದುರ್ಬಲತೆಯ ಕಾರಣಕ್ಕೆ ಲಸಿಕೆಯನ್ನು ಮುಂದೂಡುತ್ತಾರೋ, ಆ ದುರ್ಬಲತೆಯಿಂದಲೇ ಅದು ಬೇಗ ಬೇಕು.

ಆದ್ದರಿಂದಲೇ ಲಸಿಕೆಯ ಲೆಕ್ಕ ಹುಟ್ಟಿದ ದಿನದಿಂದ. ಎಂಟು ವಾರ ಮೊದಲು ಹುಟ್ಟಿದ ಮಗುವಿಗೆ 6ನೇ ವಾರದ ಪೆಂಟಾವೇಲೆಂಟ್, ಪಿಸಿವಿ, ರೋಟಾ, ಪೋಲಿಯೊ ಲಸಿಕೆಗಳ ಸರದಿ ಬರುವಾಗ ಡಾಕ್ಟರ್ ಮೊದಲು ಹೇಳಿದ್ದ ಹೆರಿಗೆಯ ತಾರೀಕೇ ಇನ್ನೂ ಎರಡು ವಾರ ದೂರ ಇರುತ್ತದೆ. ಕೇಳಲು ವಿಚಿತ್ರ, ಆದರೆ ಅದೇ ಸರಿ. ಹೆರಿಗೆಯ ತಾರೀಕಿನಿಂದ ಎಣಿಸುತ್ತ ಕುಳಿತರೆ, ಪೆಂಟಾವೇಲೆಂಟ್‌ನ ಮೂರನೇ ಡೋಸ್ ಮುಗಿಯಬೇಕಿದ್ದ 14ನೇ ವಾರದಲ್ಲಿ ಮೊದಲನೆಯದು ಶುರುವಾಗುತ್ತದೆ.

ಮಗು ಗಟ್ಟಿಯಾಗುವವರೆಗೆ ಕಾಯಬೇಕೆಂಬ ನಂಬಿಕೆಗೆ ಮೂಲ ಎಲ್ಲಿರಬಹುದು ಎಂಬುದನ್ನೂ ಊಹಿಸಬಲ್ಲೆ. ತೂಕ 2 ಕೆ.ಜಿ.ಗಿಂತ ಕಡಿಮೆಯಿದ್ದು, ತಾಯಿಗೆ ಹೆಪಟೈಟಿಸ್-ಬಿ ಇಲ್ಲದಿದ್ದರೆ, ಹುಟ್ಟಿದಾಗ ಕೊಡುವ ಆ ರೋಗದ ಲಸಿಕೆಯನ್ನು ಮಕ್ಕಳ ವೈದ್ಯರು ಒಂದು ತಿಂಗಳು ಮುಂದೂಡುವುದುಂಟು. ಬಿಸಿಜಿಯನ್ನೂ ಮಗುವಿನ ಸ್ಥಿತಿ ಸುಧಾರಿಸಿದ ಮೇಲೆ ಕೊಡುತ್ತಾರೆ. ಈ ಎರಡು ನಿರ್ಧಾರಗಳು ಬಾಯಿಂದ ಬಾಯಿಗೆ ಹೋಗಿ ‘ಎಲ್ಲವನ್ನೂ ಬಿಡಿ’ ಎಂದಾಗಿಬಿಡುತ್ತವೆ. 28 ವಾರಕ್ಕೂ ಮೊದಲು ಹುಟ್ಟಿ ಇನ್ನೂ ಆಸ್ಪತ್ರೆಯಲ್ಲೇ ಇರುವ ಮಕ್ಕಳಲ್ಲಿ ಮೊದಲ ಲಸಿಕೆಯ ನಂತರ ಉಸಿರು ಕ್ಷಣಕಾಲ ನಿಲ್ಲುವ ಸಾಧ್ಯತೆ ಇರುವುದರಿಂದ 48ರಿಂದ 72 ಗಂಟೆ ಗಮನಿಸುತ್ತಾರೆ. ಗಮನಿಸುತ್ತಾರೆ, ಲಸಿಕೆ ತಪ್ಪಿಸುವುದಿಲ್ಲ.

ಇನ್ನು ಸೂಜಿಯ ಜಾಗದ ಗಡ್ಡೆ. ದಿನ ತುಂಬಿದ ಮಕ್ಕಳಿಗಿಂತ ಬೇಗ ಹುಟ್ಟಿದವರಿಗೆ ಬಾವು, ಜ್ವರ ಹೆಚ್ಚು ಎಂಬುದು ನಿಜವಲ್ಲ. ಪೆಂಟಾವೇಲೆಂಟ್‌ನಲ್ಲಿ ಅಲ್ಯೂಮಿನಿಯಂ ಲವಣ ಇರುತ್ತದೆ. ಅದರಿಂದ ಚರ್ಮದಡಿ ಸಣ್ಣ ಗಟ್ಟಿ ಗಂಟು ಆಗಿ ಕೆಲವು ವಾರ ಉಳಿದು ತಾನಾಗಿ ಕರಗಬಹುದು. ಅದು ಕೀವಲ್ಲ. ಲಸಿಕೆ ಸ್ನಾಯುವಿಗೆ ಇಳಿಯದೆ ಕೊಬ್ಬಿನಲ್ಲೇ ಉಳಿದರೆ ಇಂಥ ಗಂಟು ಹೆಚ್ಚು. ಹಾಗಾಗಿ ಚುಚ್ಚುವ ಜಾಗ ತೊಡೆಯ ನಡುಭಾಗದ ಹೊರಬದಿ, ಸೊಂಟವಲ್ಲ. ತೀರ ಸಣ್ಣ ಮಗುವಾದರೆ 25 ಮಿ.ಮೀ. ಬದಲು 16 ಮಿ.ಮೀ. ಸೂಜಿ ಸಾಕು. ತೊಡೆ ಸಪೂರವಾಗಿದ್ದರೆ ಸೂಜಿಯ ಅಳತೆ ಬದಲಾಗಬೇಕು, ತಾರೀಕು ಅಲ್ಲ.

ಆ ಗಂಟನ್ನು ತೆಂಗಿನೆಣ್ಣೆ ಹಾಕಿ ತಿಕ್ಕುವುದು, ಬಿಸಿ ಶಾಖ ಕೊಡುವುದು, ಅರಶಿನ ಮೆತ್ತುವುದು ಯಾವುದೂ ಬೇಡ. ತಣ್ಣೀರಿನ ಶುಭ್ರ ಬಟ್ಟೆ ಸಾಕು. ಎಡತೋಳಿನ ಬಿಸಿಜಿ ಗುಳ್ಳೆ ಕೆಲವು ವಾರಗಳ ನಂತರ ಎದ್ದು, ಒಡೆದು, ಕಲೆಯಾಗಿ ಮಾಯುವುದು ಅದರ ಸಹಜ ದಾರಿ. ಅದನ್ನು ಹಿಸುಕಬೇಡಿ, ಮುಲಾಮು ಹಚ್ಚಬೇಡಿ. ಆದರೆ ತೊಡೆಯ ಕೆಂಪು ದಿನದಿಂದ ದಿನಕ್ಕೆ ಹರಡಿದರೆ, ಮುಟ್ಟಿದರೆ ಸುಡುತ್ತಿದ್ದರೆ, ಕೀವು ಕಂಡರೆ, ಮಗು ಹಾಲು ಬಿಟ್ಟರೆ ಅಂದೇ ವೈದ್ಯರಿಗೆ ತೋರಿಸಿ. ಸೋಂಕು ತಗಲಿದ ಬಾವು ಅಪರೂಪ, ಆದರೆ ಅದಕ್ಕೆ ಚಿಕಿತ್ಸೆ ಬೇಕೇ ಬೇಕು.

ಸಣ್ಣ ಮಗುವಿಗೆ ಅರ್ಧ ಡೋಸ್ ಸಾಕು ಎನ್ನುವವರೂ ಇದ್ದಾರೆ. ತೂಕ ಎಷ್ಟೇ ಇರಲಿ, ಡೋಸ್ ಪೂರ್ತಿಯೇ. ಲಸಿಕೆಯಿಂದ ಆಟಿಸಂ ಎಂದು 1998ರಲ್ಲಿ ಬಂದ ಪ್ರಬಂಧವನ್ನು ಅದನ್ನು ಪ್ರಕಟಿಸಿದ್ದ ‘ಲ್ಯಾನ್ಸೆಟ್’ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿದೆ. ಆದರೂ ಅದು ವಾಟ್ಸ್ಆ್ಯಪ್‌ನಲ್ಲಿ ಇಂದಿಗೂ ಓಡಾಡುತ್ತದೆ.

2011ರ ಜನಗಣತಿಯಲ್ಲೇ ನಮ್ಮ ಉಡುಪಿ ಜಿಲ್ಲೆಯ ಸಾಕ್ಷರತೆ 86% ದಾಟಿತ್ತು. ಅಷ್ಟು ಓದಿಯೂ, ತಾಯಿ ಕಾರ್ಡಿನಲ್ಲಿ ಕನ್ನಡದಲ್ಲೇ ಅಚ್ಚಾದ ಪಟ್ಟಿಯನ್ನು ಬದಿಗಿಟ್ಟು, ಯಾರೋ ಕಳುಹಿಸಿದ ಧ್ವನಿ ಸಂದೇಶವನ್ನು ಮತ್ತೆ ಮತ್ತೆ ಕೇಳುತ್ತೇವೆ. ಕೇರಳದ ಸಾಕ್ಷರತೆ ಇದಕ್ಕಿಂತಲೂ ಹೆಚ್ಚು. ಆದರೂ ಅಲ್ಲಿನ ಮಲಪ್ಪುರಂ ಜಿಲ್ಲೆಯಲ್ಲಿ 2015-16ರಲ್ಲಿ ಡಿಫ್ತೀರಿಯಾ ಮರಳಿ ಬಂದು ಮಕ್ಕಳ ಜೀವ ತೆಗೆಯಿತು. ಪೆಂಟಾವೇಲೆಂಟ್‌ನ ಐದು ಲಸಿಕೆಗಳಲ್ಲಿ ಡಿಫ್ತೀರಿಯಾದ್ದೂ ಒಂದು.

ಈಗಾಗಲೇ ತಾರೀಕು ದಾಟಿದ್ದರೆ ಹೆದರಿ ಮನೆಯಲ್ಲೇ ಕೂರಬೇಡಿ. ಕೊಟ್ಟ ಡೋಸ್ ಲೆಕ್ಕಕ್ಕಿರುತ್ತದೆ, ಮೊದಲಿನಿಂದ ಶುರು ಮಾಡಬೇಕಾಗಿಲ್ಲ. ಕಾರ್ಡು ಹಿಡಿದು ಆಶಾ ಕಾರ್ಯಕರ್ತೆಯನ್ನು ಕೇಳಿ, ನಿಂತಲ್ಲಿಂದ ಮುಂದುವರಿಸಿ.